ಅಲ್ಯೂಮಿನಿಯಂ ವೀಲ್‌ನಲ್ಲಿ ಮುಖ ಕಾಣೋ ಹಾಗೆ ಪಾಲಿಶ್ ಮಾಡೋದು

ಪಾಲಿಶ್ ಡಬ್ಬ ಖಾಲಿ ಆಗೋವರೆಗೂ ಉಜ್ಜಿದ್ರೂ ವೀಲ್ ಮಂಕಾಗೇ ಇದೆ ಅಂದ್ರೆ ಪಾಲಿಶ್‌ನ ಬೈಬೇಡಿ, ಅದಕ್ಕೂ ಮುಂಚೆ ವಾಟರ್ ಪೇಪರ್ (ನೀರಲ್ಲಿ ಅದ್ದಿ ಉಜ್ಜೋ ಸ್ಯಾಂಡ್ ಪೇಪರ್) ಹೊಡೆಯೋ ಕೆಲಸ ಬಾಕಿ ಇದೆ ಅಂತ ಅರ್ಥ.

ಮೊದ್ಲು ವೀಲ್ ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ಹಾಕ್ಕೊಂಡು ಒಂದು ಮೂಲೇಲಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದ್ರೆ ಬರೀ ಅಲ್ಯೂಮಿನಿಯಂ, ಕಪ್ಪೇ ಆಗ್ತಿಲ್ಲ ಅಂದ್ರೆ ಬಹುಶಃ ಮೇಲೆ ಕ್ಲಿಯರ್ ಕೋಟ್ (ಬಣ್ಣ ಇಲ್ಲದ ಪಾರದರ್ಶಕ ಪೇಂಟ್ ಪದರ) ಇದೆ, ಅದನ್ನ ಪೇಂಟ್ ರಿಮೂವರ್ ಹಾಕಿ ತೆಗೀಲೇಬೇಕು (ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ, ಗಾಳಿ ಆಡೋ ಕಡೆ ಮಾಡಿ). ಕ್ರೋಮ್ ಪ್ಲೇಟಿಂಗ್ ಇರೋ ವೀಲ್ ಆದ್ರೆ ಪೇಪರ್ ಮುಟ್ಟಿಸ್ಲೇಬೇಡಿ. ಬಿರುಕು ಬಿಟ್ಟಿದ್ರೂ ಅಷ್ಟೇ, ಅದು ಪಾಲಿಶ್ ಮಾಡೋ ವೀಲ್ ಅಲ್ಲ, ಬದಲಾಯಿಸೋ ವೀಲ್.

ಗಾಡಿಯಿಂದ ಬಿಚ್ಚಿಟ್ಕೊಂಡು ಮಾಡಿದ್ರೇ ಒಳ್ಳೇದು, ಟೈರ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ. ನಟ್ ಕೂರೋ ಜಾಗ, ಹಬ್‌ಗೆ ತಾಗೋ ಹಿಂಭಾಗ ಇವನ್ನ ಉಜ್ಜೋಕೆ ಹೋಗ್ಬೇಡಿ.

ಈಗ ಅಸಲಿ ಕೆಲಸ. ಗೀರು ಆಳವಾಗಿದ್ರೆ 320 ನಂಬರ್ ಪೇಪರ್ (ನಂಬರ್ ಹೆಚ್ಚಾದಷ್ಟೂ ಪೇಪರ್ ನಯ), ಇಲ್ಲಾಂದ್ರೆ 400ರಿಂದ ಶುರು ಮಾಡಿ, ಆಮೇಲೆ 600, 800, 1000, 1500, 2000. ಬಕೆಟ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಪೇಪರ್‌ನ ಅದರಲ್ಲಿ ಅದ್ದಿ ಅದ್ದಿ ಉಜ್ಜಿ, ನೀರು ಬೂದು ಬಣ್ಣಕ್ಕೆ ತಿರುಗುತ್ತೆ, ಅದು ಸರಿಯಾಗೇ ನಡೀತಿದೆ ಅನ್ನೋ ಲಕ್ಷಣ. ಇಲ್ಲಿ ಒಂದು ಟ್ರಿಕ್ ಇದೆ, 400ರಲ್ಲಿ ಉದ್ದುದ್ದಕ್ಕೆ ಉಜ್ಜಿದ್ರೆ 600ರಲ್ಲಿ ಅಡ್ಡಡ್ಡ ಉಜ್ಜಿ, ಆಗ ಹಳೇ ಗೆರೆ ಉಳಿದಿದ್ರೆ ತಕ್ಷಣ ಕಣ್ಣಿಗೆ ಬೀಳುತ್ತೆ. ಆ ಗೆರೆ ಪೂರ್ತಿ ಹೋಗೋವರೆಗೂ ಮುಂದಿನ ನಂಬರ್‌ಗೆ ಹೋಗೋ ಹಾಗಿಲ್ಲ, ಯಾಕಂದ್ರೆ 400ರ ಗೀರನ್ನ 2000 ಪೇಪರ್ ತೆಗೆಯೋಕೆ ವರ್ಷ ಬೇಕು, ಪಾಲಿಶ್ ಅಂತೂ ಅದನ್ನ ಇನ್ನೂ ಚೆನ್ನಾಗಿ ಎತ್ತಿ ತೋರಿಸುತ್ತೆ. ಪ್ರತಿ ನಂಬರ್ ಮುಗಿದ್ಮೇಲೆ ವೀಲ್ ತೊಳೆದು ನೀರು ಬದಲಾಯಿಸಿ, ಹಳೇ ಪೇಪರ್‌ನ ಒಂದು ಕಾಳು ಸಿಕ್ಕಾಕೊಂಡಿದ್ರೂ ಮತ್ತೆ ಗೀರು ಬೀಳುತ್ತೆ. ಸ್ಪೋಕ್ ಸಂದಿ ಉಜ್ಜೋದು ಬೆರಳಲ್ಲೇ, ಬೋರಿಂಗ್, ಬೇರೆ ದಾರಿ ಇಲ್ಲ.

2000 ಮುಗಿದಾಗ ಮಬ್ಬು ಹೊಳಪು ಇರುತ್ತೆ, ಗಾಬರಿ ಬೇಡ. ಡ್ರಿಲ್‌ಗೆ ಕಾಟನ್ ಬಫಿಂಗ್ ವೀಲ್ (ಹೊಳಪು ಕೊಡೋ ಬಟ್ಟೆ ಚಕ್ರ, ಅದೇ ಬಫ್) ಹಾಕಿ ಮೊದ್ಲು ಕಂದು ಕಾಂಪೌಂಡ್ (ಬಫ್ ಮೇಲೆ ಹಚ್ಚೋ ಪಾಲಿಶ್ ಗಟ್ಟಿ), ತೊಳೆದು ಒರೆಸಿ ಆಮೇಲೆ ಬಿಳಿ ಕಾಂಪೌಂಡ್. ಎರಡಕ್ಕೂ ಬೇರೆ ಬೇರೆ ಬಫ್ ಇಟ್ಕೊಳ್ಳಿ. ಬಫ್ ಅಲ್ಯೂಮಿನಿಯಂ ವೀಲ್ ಅಂಚಿಂದ ಹೊರಗೆ ತಿರುಗೋ ಹಾಗೆ ಹಿಡೀರಿ, ಅಂಚಿಗೆ ಎದುರಾದ್ರೆ ಡ್ರಿಲ್ ಕೈಯಿಂದ ಹಾರುತ್ತೆ. ಸಡಿಲ ಬಟ್ಟೆ ಬೇಡ, ಮಾಸ್ಕ್ ಇರ್ಲಿ, ಹತ್ರದಲ್ಲಿ ಕಬ್ಬಿಣ ಗ್ರೈಂಡ್ ಮಾಡ್ಬೇಡಿ, ಅಲ್ಯೂಮಿನಿಯಂ ಪುಡಿ ಕಿಡಿ ತಾಗಿದ್ರೆ ಹತ್ಕೊಳ್ಳುತ್ತೆ. ಕೊನೇಲಿ ಮೆಟಲ್ ಪಾಲಿಶ್ ಕೈಯಲ್ಲೇ ಹಚ್ಚಿ ಮೈಕ್ರೋಫೈಬರ್ ಬಟ್ಟೇಲಿ ಒರೆಸಿ, ಪಾಲಿಶ್ ಬಿಟ್ಟ ಕಪ್ಪೆಲ್ಲಾ ಒರೆಸಿ ಹೋಗಿ ಕಣ್ರೆಪ್ಪೆ ಕೂಡ ಕಾಣೋಕೆ ಶುರುವಾದ್ರೆ ಮುಗೀತು.

ಬರೀ ಅಲ್ಯೂಮಿನಿಯಂ ಗಾಳಿಗೆ ಆಕ್ಸೈಡ್ ಕಟ್ಟಿ ಮಂಕಾಗುತ್ತೆ, ಹಾಗಾಗಿ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ, ಕೆಲವು ತಿಂಗಳಿಗೊಮ್ಮೆ ಪಾಲಿಶ್ ಕೈಯಾಡಿಸಿ. ಮತ್ತೆ ಕ್ಲಿಯರ್ ಕೋಟ್ ಹೊಡೆಯೋ ಐಡಿಯಾ ನಂಗಿಷ್ಟ ಇಲ್ಲ, ಅಷ್ಟು ನುಣುಪು ಮೇಲ್ಮೈಗೆ ಅದು ಸರಿಯಾಗಿ ಹಿಡ್ಕೊಳ್ಳಲ್ಲ, ಹೊಳಪೂ ಕಮ್ಮಿ ಆಗುತ್ತೆ. ತೊಳೆಯೋಕೆ ಕಾರ್ ಶಾಂಪೂ ಸಾಕು, ಆಸಿಡ್ ಇರೋ ವೀಲ್ ಕ್ಲೀನರ್ ಹಾಕಿದ್ರೆ ಇಷ್ಟೆಲ್ಲಾ ಮಾಡಿದ್ದು ಕಲೆ ಕಲೆ ಆಗಿ ಮತ್ತೆ ಪೇಪರ್ ಹಿಡೀಬೇಕಾಗುತ್ತೆ.