ಕೆಲಸ ಹೋದ ತಿಂಗಳು: ಮೊದಲು ವಿಮೆ, ಆಮೇಲೆ ಪಿಎಫ್

ಲೇಆಫ್ ಪತ್ರ ಕೈಗೆ ಬಂದ ದಿನ ಹೆಚ್ಚಿನವರು ಮೊದಲು ತೆಗೆದು ನೋಡುವುದು ಪಿಎಫ್ ಬ್ಯಾಲೆನ್ಸ್. ಅದು ಎಲ್ಲಿಗೂ ಹೋಗುವುದಿಲ್ಲ. ಕೈತಪ್ಪುವುದು ಕಂಪನಿಯ ಆರೋಗ್ಯ ವಿಮೆ. ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ನೋಟಿಸ್ ಅವಧಿಯಲ್ಲೇ ಎಚ್‌ಆರ್‌ಗೆ ಮೇಲ್ ಹಾಕಿ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಕೊಡಿ. ಹೊಸದಾಗಿ ಕೊಂಡರೆ ಅಪಘಾತ ಬಿಟ್ಟು ಉಳಿದುದಕ್ಕೆ ಮೊದಲ 30 ದಿನ ಕ್ಲೇಮ್ ಇಲ್ಲ. ಮೊದಲೇ ಇರುವ ಬಿಪಿ, ಶುಗರ್‌ಗೆ 3 ವರ್ಷದವರೆಗೂ ಕಾಯಬೇಕಾದೀತು.

ಮುಂದಿನದು ಫೈನಲ್ ಸೆಟಲ್‌ಮೆಂಟ್. ಬಾಕಿ ಸಂಬಳ, ನೋಟಿಸ್ ಅವಧಿಯ ಹಣ, ಉಳಿದ ರಜೆಯ ಹಣ, ಗ್ರಾಚ್ಯುಟಿ (ದೀರ್ಘ ಸೇವೆಗೆ ಕಂಪನಿ ಕೊಡುವ ಇಡಿಗಂಟು) ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಇರಬೇಕು. 5 ವರ್ಷ ತುಂಬಿದವರು ಗ್ರಾಚ್ಯುಟಿಯನ್ನು ತಾವೇ ಲೆಕ್ಕ ಹಾಕಿ ನೋಡಲಿ: ಕೊನೆಯ ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 40,000 ರೂಪಾಯಿಗೆ 7 ವರ್ಷದ ಸೇವೆಯಾದರೆ ಸುಮಾರು 1,61,538. ಲೆಕ್ಕ ತಾಳೆಯಾಗುವ ಮುಂಚೆ ‘ಇನ್ನೇನೂ ಬಾಕಿಯಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ.

ಪಿಎಫ್‌ನಲ್ಲಿ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಆಧಾರ್ ಮತ್ತು ಪಿಎಫ್ ದಾಖಲೆಯಲ್ಲಿ ಹೆಸರು ಬೇರೆಯಾಗಿರುವುದು, ಬ್ಯಾಂಕ್ ಖಾತೆಯ ಕೆವೈಸಿ ಆಗದಿರುವುದು, ಕೆಲಸ ಬಿಟ್ಟ ದಿನಾಂಕ ದಾಖಲಾಗದಿರುವುದು. ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಕೆಲಸ ಹೋದವರಿಗೆ ಮುಕ್ಕಾಲು ಪಾಲಿನವರೆಗೆ ತೆಗೆಯಲು ಅವಕಾಶವಿದೆ. ಆದರೆ ಒಟ್ಟು ಸೇವೆ 5 ವರ್ಷವಾಗುವ ಮುಂಚೆ ಖಾತೆಯನ್ನೇ ಮುಚ್ಚಿದರೆ ತೆರಿಗೆ ಬೀಳಬಹುದು. ಹಳೆಯ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಸೇರುತ್ತವೆ. ಅರ್ಜಿಗೆ ಮುಂಚೆ ಅದನ್ನು ನೋಡಿ.

ಇಎಂಐ ವಿಷಯದಲ್ಲಿ ಬ್ಯಾಂಕಿಗೆ ಹೋಗುವ ಸಮಯ ಕಂತು ತಪ್ಪುವ ಮುಂಚೆ, ತಪ್ಪಿದ ಮೇಲಲ್ಲ. ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಲಿಖಿತವಾಗಿ ಕೇಳಿ, ಲೇಆಫ್ ಪತ್ರ ಲಗತ್ತಿಸಿ. 90 ದಿನ ಮೀರಿ ಬಾಕಿ ನಿಂತರೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಮಾತುಕತೆಗೆ ನಿಮ್ಮ ಕಡೆ ಬಲವಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ದಾರಿ: ತಿಂಗಳಿಗೆ ಸುಮಾರು ಮೂರರಿಂದ ಮೂರೂಮುಕ್ಕಾಲು ಪ್ರತಿಶತ ಬಡ್ಡಿ, ಮೇಲಾಗಿ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಶುರು. ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಚಿನ್ನದ ಸಾಲ ಎಷ್ಟೋ ವಾಸಿ.

ಸಂಬಳ ಬರುವುದು ನಿಂತ ಕೆಲವು ತಿಂಗಳಿಗೆ ಸ್ಯಾಲರಿ ಅಕೌಂಟ್ ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಬ್ಯಾಲೆನ್ಸ್ ನಿಯಮ ಬಂದು ಕೂರಬಹುದು. ಬೇಕಿಲ್ಲದ ಆಟೋಪೇ ಆಗಲೇ ರದ್ದು ಮಾಡಿ. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ: ಹಗಲಿಡೀ ಮನೆಯಲ್ಲಿದ್ದರೆ ಕರೆಂಟ್ ಬಳಕೆ ಏರುತ್ತದೆ, ತಿಂಗಳಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಪ್ರಮಾಣಪತ್ರವನ್ನು, ಅಂದರೆ ಫಾರ್ಮ್ 16 ಅನ್ನು, ಕಂಪನಿಯಿಂದ ಕೇಳಿ ಪಡೆಯಿರಿ. ವರ್ಷಪೂರ್ತಿ ಸಂಬಳ ಬರುತ್ತದೆಂದು ಲೆಕ್ಕಹಾಕಿ ಟಿಡಿಎಸ್ ಕಡಿದಿರುತ್ತಾರೆ. ನಡುವೆ ಕೆಲಸ ಹೋದರೆ ಹೆಚ್ಚಾಗಿ ಕಡಿದದ್ದು ರಿಟರ್ನ್ ಸಲ್ಲಿಸಿದಾಗ ಮಾತ್ರ ವಾಪಸ್ ಬರುತ್ತದೆ.