ಮೇಣದ ಬ್ಲಾಕಿನಲ್ಲೇ ಕಂಡ ಹಸಿರು: ಶಿವಮೊಗ್ಗದಲ್ಲಿ ಕಿಡ್ನಿ ಬಯಾಪ್ಸಿ ನೋಡಿದ ನನ್ನ ಅನುಭವ

ಕಿಡ್ನಿ ಬಯಾಪ್ಸಿಗೆ ಇಮ್ಯುನೊಫ್ಲೋರೊಸೆನ್ಸ್ (ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿ, ಅಂಗಾಂಶದಲ್ಲಿ ಏನು ಕೂತಿದೆಯೆಂದು ನೋಡುವ ಪರೀಕ್ಷೆ) ಮಾಡಬೇಕೆಂದರೆ ಫ್ರೋಜನ್ ಸೆಕ್ಷನ್ನೇ (ಹೆಪ್ಪುಗಟ್ಟಿಸಿ ಕತ್ತರಿಸಿದ ತೆಳು ಪದರವೇ) ಬೇಕು, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕಿನಲ್ಲಿ ಅದನ್ನು ನೆಚ್ಚಿಕೊಳ್ಳಬೇಡ ಎಂದು ನನಗೆ ಪಾಠ ಹೇಳಿದ ಹಿರಿಯರೇ ಫೋನಿನಲ್ಲಿ ಎಚ್ಚರಿಸಿದ್ದರು. ಪ್ರೊನೇಸ್ ಎಂಬ ಪ್ರೋಟೀನು ಕರಗಿಸುವ ಕಿಣ್ವ ಹಾಕಿ ಬ್ಲಾಕಿನಲ್ಲೇ ಮಾಡುವ ವಿಧಾನ ಇದೆ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಶಿವಮೊಗ್ಗದಂಥ ಊರಿನಲ್ಲಿ, ಒಬ್ಬರೇ ಟೆಕ್ನೀಷಿಯನ್ ಇಟ್ಟುಕೊಂಡು, ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಮಳೆಗಾಲದಲ್ಲಿ ಅದನ್ನು ದಿನವೂ ನಡೆಸಲಾಗದು ಎಂಬುದು ಅವರ ಅಭಿಪ್ರಾಯವಾಗಿತ್ತು. ಈಗ ಎರಡು ವರ್ಷಕ್ಕೂ ಮೇಲಾಯಿತು; ಸುಮಾರು 130 ಬಯಾಪ್ಸಿಗಳನ್ನು ನಾನು ಇಲ್ಲಿಯೇ ನೋಡಿದ್ದೇನೆ, ಅವುಗಳಲ್ಲಿ ನಲವತ್ತು ಚಿಲ್ಲರೆ ಕೇಸುಗಳನ್ನು ಹೊರಗಿನ ಫ್ರೋಜನ್ ರಿಪೋರ್ಟಿನ ಜೊತೆ ತಾಳೆ ಹಾಕಿಯೂ ನೋಡಿದ್ದೇನೆ.

ಇದಕ್ಕೆಲ್ಲ ಕಾರಣವಾದದ್ದು ತೀರ್ಥಹಳ್ಳಿ ಕಡೆಯ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕಾಲು ಬಾವು, ಮುಖ ಬಾವು, 24 ಗಂಟೆಯ ಮೂತ್ರದಲ್ಲಿ 9 ಗ್ರಾಂ ಹತ್ತಿರ ಪ್ರೋಟೀನ್. ಸೂಜಿಯಲ್ಲಿ ಎರಡು ಕೋರ್ (ಕಿಡ್ನಿಯ ಎಳೆಯಂಥ ಚೂರು) ಸಿಕ್ಕಿದ್ದವು. ಒಂದನ್ನು ಮೈಕೆಲ್ಸ್ ಮೀಡಿಯಂ ಎಂಬ ಸಾಗಣೆ ದ್ರವದಲ್ಲಿ ಬೇರೆ ಊರಿನ ಲ್ಯಾಬಿಗೆ ಕಳಿಸಿ, ಇನ್ನೊಂದನ್ನು ನಾನು ಬ್ಲಾಕ್ ಮಾಡಿಕೊಂಡೆ. ಜುಲೈ ತಿಂಗಳ ಮಳೆಯಲ್ಲಿ ಪಾರ್ಸೆಲ್ ಮೂರು ದಿನ ಎಲ್ಲೋ ಕುಳಿತಿತ್ತು. ಕೊನೆಗೆ ಬಂದ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ಗ್ಲೊಮೆರುಲಸ್ (ಕ್ಯಾಪಿಲರಿ ಎಂಬ ಸಣ್ಣ ರಕ್ತನಾಳಗಳ, ರಕ್ತ ಸೋಸುವ ಉಂಡೆ) ಇಲ್ಲ, ಮೆಡುಲ್ಲಾ (ಕಿಡ್ನಿಯ ಒಳಭಾಗ) ಮಾತ್ರ. ಇನ್ನೊಮ್ಮೆ ಬಯಾಪ್ಸಿ ಮಾಡಬೇಕಾಗುತ್ತದೆ ಎಂದಾಗ ಆಕೆಯ ಮಗ, "ಅಮ್ಮಂಗೆ ಇನ್ನೊಂದ್ಸಲ ಸೂಜಿ ಹಾಕ್ಸಲ್ಲ ಮೇಡಂ" ಎಂದು ಎದ್ದು ಹೋದ. ನನ್ನ ಬ್ಲಾಕಿನಲ್ಲಿ ಹದಿನಾಲ್ಕು ಗ್ಲೊಮೆರುಲಸ್‌ಗಳಿದ್ದವು. ಲೈಟ್ ಮೈಕ್ರೊಸ್ಕೋಪಿನಲ್ಲಿ ಅವು ಸಹಜವಾಗಿಯೇ ಕಾಣುತ್ತಿದ್ದುದರಿಂದ, ಇದು ಮಿನಿಮಲ್ ಚೇಂಜೋ (ಸಾಮಾನ್ಯವಾಗಿ ಸ್ಟೀರಾಯ್ಡ್‌ಗೆ ಬಗ್ಗುವ ಕಾಯಿಲೆ) ಆರಂಭದ ಮೆಂಬ್ರನಸ್ಸೋ (ಕ್ಯಾಪಿಲರಿ ಗೋಡೆಯ ಮೇಲೆ ಪ್ರತಿಕಾಯ ಕೂರುವ ಕಾಯಿಲೆ) ಎಂದು ನನಗೆ ಹೇಳಲಾಗಲಿಲ್ಲ. ಬೇರೆ ಕಡೆ ಊಹೆಯ ಮೇಲೆ ಆಕೆಗೆ ಸ್ಟೀರಾಯ್ಡ್ ಮಾತ್ರ ಶುರುವಾಯಿತು.

ಫ್ರೋಜನ್ ಸೆಕ್ಷನ್ ಕತ್ತರಿಸುವ ಕ್ರಯೋಸ್ಟಾಟ್ ಯಂತ್ರಕ್ಕೆ ಹದಿನೈದು ಲಕ್ಷಕ್ಕಿಂತ ಕಡಿಮೆ ಕೊಟೇಶನ್ ಬರಲಿಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮಲ್ಲಿದ್ದ ಮೈಕ್ರೊಸ್ಕೋಪಿಗೆ ಎಲ್‌ಇಡಿ ಫ್ಲೋರೊಸೆನ್ಸ್ ಜೋಡಣೆ ಹಾಕಿಸಲು ಒಂದು ಮುಕ್ಕಾಲು ಲಕ್ಷ, ಎಫ್‌ಐಟಿಸಿ ಎಂಬ ಹಸಿರು ಹೊಳೆಯುವ ಬಣ್ಣ ಕಟ್ಟಿದ ಆರು ಪ್ರತಿಕಾಯಗಳಿಗೆ ಒಂದೂಕಾಲು ಲಕ್ಷ, ಮೆಂಬ್ರನಸ್‌ನಲ್ಲಿ ಹೆಚ್ಚಾಗಿ ದಾಳಿಗೆ ಗುರಿಯಾಗುವ ಪಿಎಲ್‌ಎ2ಆರ್ ಎಂಬ ಪ್ರೋಟೀನನ್ನು ತೋರಿಸುವ ಪ್ರತಿಕಾಯದ ಒಂದು ಪುಟ್ಟ ಬಾಟಲಿಗೆ ಐವತ್ತು ಸಾವಿರದ ಹತ್ತಿರ ಖರ್ಚಾಯಿತು. ಫ್ರಿಜ್ಜಿಗೆ ಪ್ರತ್ಯೇಕ ಯುಪಿಎಸ್ ಹಾಕಿಸಿದ್ದು ಮಾತ್ರ ಮೊದಲ ಬಾಟಲಿ ಹಾಳಾದ ಮೇಲೆ: ಒಂದು ಭಾನುವಾರ ಹದಿನಾರು ಗಂಟೆ ಕರೆಂಟ್ ಹೋಗಿ ಸಿ3 (ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳಲ್ಲೊಂದು) ಗುರುತಿಸುವ ಪ್ರತಿಕಾಯ ಸತ್ತುಹೋಯಿತು, ಅದು ಸತ್ತಿದೆ ಎಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ಅಂದಿನಿಂದ ಬಂದ ದಿನವೇ ಎಲ್ಲವನ್ನೂ ಸಣ್ಣ ಟ್ಯೂಬುಗಳಿಗೆ ಹಂಚಿ ಇಡುತ್ತೇವೆ.

ಮೊದಲ ಕೆಲವು ತಿಂಗಳು ಏನೂ ಕೈಗೆ ಹತ್ತಲಿಲ್ಲ. ಟ್ರಿಪ್ಸಿನ್ ಅಗ್ಗವೆಂದು ಅದರಿಂದ ಆರಂಭಿಸಿದೆ. ಒಂದು ಸ್ಲೈಡು ಚೆನ್ನಾಗಿ ಬಂದರೆ ಮೂರು ಬರುತ್ತಿರಲಿಲ್ಲ. ಪ್ರೊನೇಸ್‌ಗೆ ಬದಲಾಯಿಸಿದಾಗ, 37 ಡಿಗ್ರಿಯಲ್ಲಿ ಹದಿನೈದು ನಿಮಿಷ ಬಿಟ್ಟರೆ ಕ್ಯಾಪಿಲರಿಗಳ ಒಳಗೆ ಉಳಿದ ಪ್ಲಾಸ್ಮಾದ ಐಜಿಜಿಯೇ (ರಕ್ತದ ಸಾಮಾನ್ಯ ಪ್ರತಿಕಾಯ) ಮಿನುಗಿ ಗೋಡೆಯ ಮೇಲಿನದನ್ನೆಲ್ಲ ಮುಚ್ಚಿಬಿಡುತ್ತಿತ್ತು, ಒಂದು ಗಂಟೆ ಬಿಟ್ಟರೆ ಸೆಕ್ಷನ್ನೇ ಕರಗಿ ಸ್ಲೈಡಿನಿಂದ ತೇಲಿ ಹೋಗುತ್ತಿತ್ತು. ನಡುವಿನ ಸಮಯವನ್ನು ಹುಡುಕಿ ಹಿಡಿದೆನೆಂದುಕೊಂಡರೆ, ಅದೇ ಸಮಯ ಇನ್ನೊಂದು ಬ್ಲಾಕಿಗೆ ಒಗ್ಗುತ್ತಿರಲಿಲ್ಲ. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದೇನೆಂದರೆ, ತಪ್ಪು ಪ್ರೊನೇಸ್‌ನದ್ದಲ್ಲ, ಫಾರ್ಮಲಿನ್‌ನದ್ದು. ಕೆಲವು ಆಸ್ಪತ್ರೆಗಳಿಂದ ಕೋರ್ ಬರುತ್ತಿದ್ದದ್ದು ನಲ್ಲಿ ನೀರಿನಲ್ಲಿ ಬೆರೆಸಿದ, ಬಫರ್ ಇಲ್ಲದ ಫಾರ್ಮಲಿನ್‌ನಲ್ಲಿ. ಶನಿವಾರ ತೆಗೆದದ್ದು ಮಂಗಳವಾರದವರೆಗೂ ಅದರಲ್ಲೇ ಕುಳಿತಿರುತ್ತಿತ್ತು. ನಾನೇ ಬಫರ್ ಹಾಕಿದ ಫಾರ್ಮಲಿನ್ ಬಾಟಲಿಗಳನ್ನು ತುಂಬಿ, ತೆಗೆದ ದಿನಾಂಕ ಮತ್ತು ಗಂಟೆ ಬರೆಯಲು ಚೀಟಿ ಅಂಟಿಸಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಗೆ ಕಳಿಸತೊಡಗಿದೆ. ಒಂದು ಬಾಟಲಿಗೆ ಮೂವತ್ತು ರೂಪಾಯಿಯೂ ಬೀಳುವುದಿಲ್ಲ, ನಾನು ಹಾಕಿದ ಹಣದಲ್ಲೆಲ್ಲ ಅತಿ ಹೆಚ್ಚು ಫಲ ಕೊಟ್ಟದ್ದು ಅದೇ. ಈಗ ಚೀಟಿಯಲ್ಲಿರುವ ಗಂಟೆ ನೋಡಿ ಪ್ರೊನೇಸ್ ಸಮಯವನ್ನು ಮೂರು ಗುಂಪುಗಳಾಗಿ ಮಾಡಿಕೊಂಡಿದ್ದೇನೆ. ಆ ಸಮಯಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಲಾಟ್‌ಗೆ, ನಿಮ್ಮ ಫಾರ್ಮಲಿನ್‌ಗೆ ಅವು ಹೊಂದುವುದಿಲ್ಲ. ಪ್ರೊನೇಸ್‌ಗೆ ಮೊದಲು ನಾನು ಮಾಡುವ ಒಂದು ತೊಳೆತವೂ ಇದೆ, ಅದನ್ನು ಲ್ಯಾಬಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಸೆಕ್ಷನ್ ತೇಲುವುದಕ್ಕೆ ಇನ್ನೊಂದು ಕಾರಣ ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಲೈಡು ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ಚಾರ್ಜ್ ಇರುವ ಸ್ಲೈಡಿನ ಮೇಲೆ 3 ಮೈಕ್ರಾನ್ ಸೆಕ್ಷನ್ ತೆಗೆದು ರಾತ್ರಿಯಿಡೀ ಓವನ್‌ನಲ್ಲಿಟ್ಟು, ಬೆಳಿಗ್ಗೆ ಹೊರಗೆ ತಣ್ಣಗಾಗಲು ಬಿಡದೆ ನೇರವಾಗಿ ಜೈಲೀನ್‌ಗೆ ಇಳಿಸುವುದನ್ನು ಅಭ್ಯಾಸ ಮಾಡಿಕೊಂಡ ಮೇಲೆ ತೇಲುವುದು ಹತ್ತರಲ್ಲಿ ಒಂದಕ್ಕೆ ಇಳಿಯಿತು.

ನವೆಂಬರ್‌ನ ಒಂದು ಸಂಜೆ, ಸ್ಟೋರ್ ರೂಮಿನ ಕಿಟಕಿಗೆ ಕಪ್ಪು ರಟ್ಟು ಬಡಿದು ಮಾಡಿಕೊಂಡ ಕತ್ತಲೆ ಕೋಣೆಯಲ್ಲಿ ಕುಳಿತು ಐಜಿಜಿ ಸ್ಲೈಡು ಇಟ್ಟೆ. ಮೊದಲು ಕೆಂಪು ರಕ್ತಕಣಗಳ ಹಳದಿ ಮಬ್ಬು ಕಂಡಿತು. ಸ್ಲೈಡನ್ನು ಸ್ವಲ್ಪ ಸರಿಸಿದಾಗ, ಗ್ಲೊಮೆರುಲಸ್‌ನ ಪ್ರತಿ ಕ್ಯಾಪಿಲರಿಯ ಹೊರ ಅಂಚಿನುದ್ದಕ್ಕೂ ಸಣ್ಣ ರವೆ ಉದುರಿಸಿದಂತೆ ಹಸಿರು ಕಣಗಳು, ಒಂದೂ ಕುಣಿಕೆ ಬಿಡದೆ ಸಾಲಾಗಿ ಕೂತಿದ್ದವು. ಒಳಗಿನ ಪ್ಲಾಸ್ಮಾ ಪೂರ್ತಿ ಕಪ್ಪಾಗಿತ್ತು. ಟೆಕ್ನೀಷಿಯನ್‌ನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ಪುಸ್ತಕದಲ್ಲಿ ಇದ್ದಂಗೇ ಇದೆ ಮೇಡಂ" ಎಂದರು. ಪಿಎಲ್‌ಎ2ಆರ್ ಸ್ಟೇನ್‌ಗೆ ಮಾತ್ರ ಮತ್ತೆ ಎರಡು ತಿಂಗಳು ಹಿಡಿಯಿತು. ಬರೀ ಕುಕ್ಕರಿನಲ್ಲಿ ಬೇಯಿಸಿ ಮಾಡಿದಾಗ ಸಹಜ ಕಿಡ್ನಿಯ ಪೋಡೋಸೈಟ್‌ಗಳೂ (ಕ್ಯಾಪಿಲರಿಯನ್ನು ಹೊರಗಿನಿಂದ ಹೊದ್ದ ಕೋಶಗಳು) ತೆಳುವಾಗಿ ಮಿನುಗುತ್ತಿದ್ದವು, ಏಕೆಂದರೆ ಆ ಪ್ರೋಟೀನು ಅಲ್ಲಿ ಸಹಜವಾಗಿಯೇ ಇರುತ್ತದೆ. ಹೊಳಪನ್ನು ಅಳೆಯುವುದನ್ನು ಬಿಟ್ಟು, ಐಜಿಜಿ ಇರುವ ಜಾಗದಲ್ಲೇ ಕಣಕಣವಾಗಿ ಕೂತಿದ್ದರೆ ಮಾತ್ರ ಪಾಸಿಟಿವ್ ಎಂದು ಓದತೊಡಗಿದ ಮೇಲೆ ಗೊಂದಲ ಹೋಯಿತು.

ರಕ್ತದಲ್ಲೇ ಪಿಎಲ್‌ಎ2ಆರ್ ಪ್ರತಿಕಾಯ ನೋಡಬಹುದಾದಾಗ ಸ್ಟೇನ್ ಏಕೆ ಎಂದು ಕೇಳಿದವರಿದ್ದಾರೆ. ರಕ್ತ ನೆಗೆಟಿವ್ ಇದ್ದು ಬ್ಲಾಕು ಪಾಸಿಟಿವ್ ಬಂದ ನಾಲ್ಕು ಕೇಸು ನನ್ನಲ್ಲಿವೆ. ಪ್ರತಿಕಾಯ ಆರಂಭದಲ್ಲಿ ಪೋಡೋಸೈಟ್‌ಗಳ ಬುಡಕ್ಕೆ ಹೋಗಿ ಅಂಟಿಕೊಂಡು, ರಕ್ತದಲ್ಲಿ ಉಳಿಯುವುದೇ ಕಡಿಮೆ.

ಕೈ ಕುದುರಿದ ಮೇಲೆ ಸಿ4ಡಿಯನ್ನೂ (ಕಾಂಪ್ಲಿಮೆಂಟ್ ಎದ್ದದ್ದರ ಗುರುತು) ಮಾಡಿ ನೋಡಿದೆ, ಅದಕ್ಕೆ ಯಾರೂ ಕೇಳಿರಲಿಲ್ಲ. ಪ್ರೈಮರಿ ಮೆಂಬ್ರನಸ್‌ನಲ್ಲಿ ಹೆಚ್ಚಿನ ಪ್ರತಿಕಾಯ ಐಜಿಜಿ4. ಅದು ಸಿ1ಕ್ಯೂವನ್ನು ಹಿಡಿದು ಕಾಂಪ್ಲಿಮೆಂಟ್ ಎಬ್ಬಿಸುವುದಿಲ್ಲ ಎಂದು ನಾವೆಲ್ಲ ಓದಿದ್ದೇವೆ. ಹಾಗಿದ್ದೂ ನನ್ನ ಹನ್ನೊಂದು ಬ್ಲಾಕುಗಳಲ್ಲಿ ಸಿ1ಕ್ಯೂ ಖಾಲಿ, ಸಿ4ಡಿ ಗೋಡೆಯುದ್ದಕ್ಕೂ ತುಂಬಿತ್ತು. ಐಜಿಜಿ4ರ ಸಕ್ಕರೆ ಸರಪಳಿಯಲ್ಲಿ ಗ್ಯಾಲಕ್ಟೋಸ್ ಕಡಿಮೆಯಾದಾಗ ಅದು ಸಿ1ಕ್ಯೂ ಬೇಡದ ಲೆಕ್ಟಿನ್ ಮಾರ್ಗದಿಂದ ಕಾಂಪ್ಲಿಮೆಂಟ್ ಎಬ್ಬಿಸುತ್ತದೆ ಎಂದು 2021ರಲ್ಲಿ ಪ್ರಕಟವಾದ ಕೆಲಸ ಈ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಅದರ ಪ್ರಕಾರ ಪೋಡೋಸೈಟ್ ಒಡೆದು ಸಾಯುವುದಿಲ್ಲ. ಸಿ3ಎ, ಸಿ5ಎ ಸಂಕೇತಗಳು ಅದರ ಒಳಗಿನ ಪ್ರೋಟಿಯೇಸ್‌ಗಳನ್ನು ಎಬ್ಬಿಸಿ, ಅವು ಸಿನಾಪ್ಟೊಪೋಡಿನ್ ಮತ್ತು ನೆಫ್1 ಪ್ರೋಟೀನುಗಳನ್ನು ಕತ್ತರಿಸುತ್ತವೆ, ಪೋಡೋಸೈಟಿನ ಪಾದಗಳು ಚಪ್ಪಟೆಯಾಗಿ ಸೋಸುವ ಕಂಡಿ ಹಾಳಾಗುತ್ತದೆ. ಪ್ರತಿಕಾಯ ತಗ್ಗಿಸಿದರೆ ಆ ಕೋಶ ಚೇತರಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೇ ನನಗೆ ಈ ರಿಪೋರ್ಟ್ ಬೇಗ ಕೊಡುವ ಆತುರ. ಪೋಡೋಸೈಟಿನ ನೆಫ್ರಿನ್ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳ ಸುದ್ದಿ ಓದಿ ಮಿನಿಮಲ್ ಚೇಂಜ್ ಬ್ಲಾಕುಗಳಲ್ಲಿಯೂ ಐಜಿಜಿಯ ನವಿರು ಧೂಳನ್ನು ಹುಡುಕಿದೆ. ಎರಡರಲ್ಲಿ ಕಂಡಂತಾಯಿತು, ಆದರೆ ಪ್ರೊನೇಸ್ ಮಾಡಿದ ಸ್ಲೈಡಿನಲ್ಲಿ ಅದನ್ನು ಹೇಳುವ ಧೈರ್ಯ ನಾನು ಮಾಡುವುದಿಲ್ಲ.

ಪಿಎಲ್‌ಎ2ಆರ್ ನೆಗೆಟಿವ್ ಬಂದವರ ಕಥೆ ಕೇಳಲೇಬೇಕು. ಮಂಡಿ ನೋವಿಗೆ ಆರೇಳು ತಿಂಗಳು ನಾಟಿ ಔಷಧದ ಪುಡಿ ತಿಂದಿದ್ದ ಒಬ್ಬರಲ್ಲಿ ಐಜಿಜಿ ಕಣಗಳು ಕೆಲವು ಕುಣಿಕೆಗಳಲ್ಲಿ ಮಾತ್ರ ಇದ್ದವು; ಬ್ಲಾಕನ್ನು ಹೊರಗೆ ಕಳಿಸಿದಾಗ ನೆಲ್1 (ಮೆಂಬ್ರನಸ್‌ನಲ್ಲಿ ಗುರಿಯಾಗುವ ಇನ್ನೊಂದು ಪ್ರೋಟೀನು) ಪಾಸಿಟಿವ್ ಬಂತು. ಪಾದರಸವಿರುವ ನಾಟಿ ಔಷಧಗಳಿಗೂ ನೆಲ್1 ಮೆಂಬ್ರನಸ್‌ಗೂ ಇರುವ ನಂಟನ್ನು ದಕ್ಷಿಣ ಭಾರತದ ವೈದ್ಯರೇ ವರದಿ ಮಾಡಿದ್ದಾರೆ, ಕೇರಳದಿಂದ ಬಿಳುಪಿನ ಕ್ರೀಮುಗಳ ಬಗ್ಗೆಯೂ ವರದಿ ಬಂದಿದೆ. ಪುಡಿ ನಿಲ್ಲಿಸಿದ ಆರೇಳು ತಿಂಗಳಲ್ಲಿ ಅವರ ಪ್ರೋಟೀನು ಅರ್ಧಕ್ಕಿಂತ ಕೆಳಗಿಳಿಯಿತು.

ತಾಳೆ ಹಾಕಿದ ಕೇಸುಗಳಲ್ಲಿ ಐಜಿಜಿ, ಐಜಿಎ ಎರಡೂ ಒಂದೆರಡು ಬಿಟ್ಟು ಎಲ್ಲದರಲ್ಲೂ ಹೊಂದಿದವು. ಸಿ3 ಮಾತ್ರ ಕಾಲು ಭಾಗದಲ್ಲಿ ಕಡಿಮೆ ಬಂತು, ಆದ್ದರಿಂದ ಸಿ3 ಕಾಯಿಲೆಯ ಅನುಮಾನವಿದ್ದರೆ ನಾನು ಈಗಲೂ ಫ್ರೋಜನ್‌ಗೆ ಕಳಿಸುತ್ತೇನೆ. ಮೊದಲು ರೋಗಿಗೆ ಏಳೆಂಟು ಸಾವಿರ ಬೀಳುತ್ತಿದ್ದದ್ದು ಈಗ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ, ರಿಪೋರ್ಟ್ ಮೂರನೆಯ ದಿನ ಕೈಗೆ ಸಿಗುತ್ತದೆ.

ತೀರ್ಥಹಳ್ಳಿಯ ಆ ಹೆಂಗಸಿನ ಬ್ಲಾಕನ್ನು ಮತ್ತೆ ಕತ್ತರಿಸಿದ್ದು ಬಯಾಪ್ಸಿಯಾದ ಎಂಟು ತಿಂಗಳ ಮೇಲೆ. ಐಜಿಜಿ, ಪಿಎಲ್‌ಎ2ಆರ್ ಎರಡೂ ಸ್ಪಷ್ಟವಾಗಿ ಪಾಸಿಟಿವ್ ಇದ್ದವು. ಮಗನಿಗೆ ನಾನೇ ಫೋನ್ ಮಾಡಿ ಕರೆಸಿದೆ. ನೆಫ್ರಾಲಜಿಸ್ಟ್ ಚಿಕಿತ್ಸೆ ಬದಲಿಸಿದರು, ವರ್ಷದ ಕೊನೆಗೆ ಪ್ರೋಟೀನು 1 ಗ್ರಾಂ ಸುತ್ತ ಬಂತು. ಆ ಬ್ಲಾಕಿನಲ್ಲಿ ಈಗ ಐದಾರು ಗ್ಲೊಮೆರುಲಸ್‌ಗಳು ಉಳಿದಿರಬೇಕು. ಅಷ್ಟು ಚೆನ್ನಾದ ಪಾಸಿಟಿವ್ ಕಂಟ್ರೋಲ್ ಬೇರೆ ಇಲ್ಲ ಎಂದು ಟೆಕ್ನೀಷಿಯನ್ ಪ್ರತಿ ಬಾರಿಯೂ ಕೇಳುತ್ತಾರೆ, ನಾನು ಕೊಡುವುದಿಲ್ಲ. ಅದು ಮುಂದೆ ಆಕೆಗೇ ಬೇಕಾಗಬಹುದು.