ವಾಷಿಂಗ್ಟನ್‌ಗೆ ಹೊರಟಿರುವ ಮೈಸೂರು–ಮಂಡ್ಯದವರೇ, ಗಡಿ ನೋಡಿ ಮನೆ ಹಿಡಿಯಿರಿ

ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಕುವೆಂಪುನಗರದ ನಮ್ಮ ಮನೆಗೆ ಅಮೆರಿಕಕ್ಕೆ ಹೊರಟ ಹುಡುಗ ಹುಡುಗಿಯರು, ಜೊತೆಗೆ ಅವರ ಅಪ್ಪ ಅಮ್ಮ ಬರುತ್ತಾರೆ. ಬಾಡಿಗೆ ಎಷ್ಟು, ಸೋನಾ ಮಸೂರಿ ಸಿಗುತ್ತದಾ, ಚಳಿ ತಡೆಯಬಹುದಾ ಎಂದೆಲ್ಲ ಕೇಳುತ್ತಾರೆ. ಹಿಡಿಯುವ ಮನೆ ಗಡಿಯ ಯಾವ ಕಡೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಯಾವ ರಾಜ್ಯಕ್ಕೂ ಸೇರದ ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ. ಕಡೆ ಬರುವವರು ಮೊದಲು ಕೇಳಬೇಕಾದ್ದು ಅದನ್ನೇ.

ಬೃಂದಾವನ ನೋಡಲು ಜನ ಮೈಸೂರಿಗೆ ಬರುತ್ತಾರೆ, ಆದರೆ ಕನ್ನಂಬಾಡಿ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಅಲ್ಲಿಯೂ ಹಾಗೆಯೇ. ಪೆಂಟಗನ್ ಆಗಲಿ, ‘ವಾಷಿಂಗ್ಟನ್’ ಎಂದು ಹೆಸರಲ್ಲೇ ಇರುವ ನ್ಯಾಷನಲ್ ವಿಮಾನ ನಿಲ್ದಾಣವಾಗಲಿ ಡಿ.ಸಿ.ಯಲ್ಲಿಲ್ಲ. ಎರಡೂ ಇರುವುದು ಪೊಟೊಮ್ಯಾಕ್ ನದಿಯಾಚೆ, ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ. ಆಫರ್ ಲೆಟರ್‌ನಲ್ಲಿ ಡಿ.ಸಿ. ಎಂದಿದ್ದರೂ ನೀವು ಮನೆ ಮಾಡುವುದು ವರ್ಜೀನಿಯಾದ ಹರ್ಂಡನ್‌ನಲ್ಲೋ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲೋ ಆಗಬಹುದು.

ಇದರಿಂದ ಏನಾಗುತ್ತದೆ? ಮೊದಲನೆಯದು ತೆರಿಗೆ. ಕೆಲಸ ಡಿ.ಸಿ.ಯಲ್ಲಿ, ಮನೆ ವರ್ಜೀನಿಯಾದಲ್ಲಿ ಎಂದಾದರೆ ಸಂಬಳದ ಮೇಲಿನ ರಾಜ್ಯ ತೆರಿಗೆ ವರ್ಜೀನಿಯಾಕ್ಕೆ ಹೋಗುತ್ತದೆ. ಹೊರಗಿನಿಂದ ಬಂದು ದುಡಿದು ಹೋಗುವವರ ಆದಾಯಕ್ಕೆ ಡಿ.ಸಿ. ತೆರಿಗೆ ಹಾಕಕೂಡದು ಎಂದು ಅಮೆರಿಕದ ಸಂಸತ್ತೇ ಕಟ್ಟು ಹಾಕಿದೆ. ಕೆಲಸಕ್ಕೆ ಸೇರಿದ ದಿನವೇ ನಿಮ್ಮ ಮನೆ ಯಾವ ರಾಜ್ಯದಲ್ಲಿದೆ ಎಂದು ಎಚ್‌ಆರ್‌ಗೆ ಬರೆದುಕೊಡಿ. ಇಲ್ಲದಿದ್ದರೆ ತಪ್ಪು ಕಡೆಗೆ ಕಡಿತವಾದ ದುಡ್ಡು ವಾಪಸ್ ಪಡೆಯಲು ಇನ್ನೊಂದು ರಿಟರ್ನ್ ತುಂಬಬೇಕಾಗುತ್ತದೆ. ಮೇರಿಲ್ಯಾಂಡ್‌ನಲ್ಲಿ ರಾಜ್ಯದ ಜೊತೆಗೆ ಕೌಂಟಿಯೂ (ನಮ್ಮ ಜಿಲ್ಲೆ ಇದ್ದ ಹಾಗೆ) ಆದಾಯ ತೆರಿಗೆ ಹಾಕುತ್ತದೆ. ವರ್ಜೀನಿಯಾದಲ್ಲಿ ಕಾರಿನ ಮೇಲೆ ಪ್ರತಿವರ್ಷ ಆಸ್ತಿ ತೆರಿಗೆ ಬರುತ್ತದೆ. ಹೊಸ ಕಾರು ಕೊಂಡ ಖುಷಿಯಲ್ಲಿ ಇದನ್ನು ಮರೆಯಬೇಡಿ. ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಶಾಲೆ, ಮುಂದೆ ರಾಜ್ಯ ವಿಶ್ವವಿದ್ಯಾಲಯದ ಫೀಸು, ಎಲ್ಲವೂ ಈ ಗಡಿಯ ಮೇಲೆಯೇ ನಿಂತಿದೆ. ಮನೆ ಬದಲಿಸಿದರೆ ಹತ್ತು ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಪಕ್ಕದ ಬೀದಿಗೆ ಹೋದರೂ ಅಷ್ಟೇ.

ಈ ಗಡಿ ಬಂದದ್ದು ಹೇಗೆ ಎಂಬುದನ್ನೂ ತಿಳಿದಿರಿ. 1790ರ ಕಾನೂನಿನಂತೆ ಪೊಟೊಮ್ಯಾಕ್ ನದಿಯ ಎರಡೂ ದಡ ಸೇರಿಸಿ, ಪ್ರತಿ ಬದಿಗೂ ಹತ್ತು ಮೈಲಿಯ ಚೌಕವೊಂದನ್ನು ರಾಜಧಾನಿಗೆ ಅಳೆದರು. ಮೇರಿಲ್ಯಾಂಡ್, ವರ್ಜೀನಿಯಾ ಎರಡೂ ಜಮೀನು ಬಿಟ್ಟುಕೊಟ್ಟವು. ಆಂಡ್ರೂ ಎಲಿಕಾಟ್ ಸರ್ವೆ ನಡೆಸಿದರು. ಶುರುವಿನ ತಿಂಗಳುಗಳಲ್ಲಿ ಬೆಂಜಮಿನ್ ಬ್ಯಾನಕರ್ ಎಂಬ ಕಪ್ಪು ಖಗೋಳಜ್ಞ ನಕ್ಷತ್ರ ನೋಡಿ ಲೆಕ್ಕ ಹಾಕಿಕೊಟ್ಟರು. ಮೈಲಿಗೊಂದರಂತೆ ನಲವತ್ತು ಗಡಿಕಲ್ಲು ನೆಟ್ಟರು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಉಳಿದಿವೆ. ಕಬ್ಬಿಣದ ಬೇಲಿಯೊಳಗೆ ಮೊಣಕಾಲೆತ್ತರದ ಮರಳುಗಲ್ಲು, ಒಂದು ಮುಖದಲ್ಲಿ ರಾಜ್ಯದ ಹೆಸರು, ಇನ್ನೊಂದರಲ್ಲಿ ‘ಅಮೆರಿಕದ ಅಧಿಕಾರ ವ್ಯಾಪ್ತಿ’ ಎಂಬ ಬರಹ, ಎಷ್ಟೋ ಕಡೆ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ಸವೆದ ಅಕ್ಷರ. ಪಶ್ಚಿಮದ ಮೂಲೆಗಲ್ಲು ಫಾಲ್ಸ್ ಚರ್ಚ್ ಬಳಿಯ ಪುಟ್ಟ ಪಾರ್ಕ್‌ನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಆ ಕಲ್ಲು ಇಂದು ಪೂರ್ತಿ ವರ್ಜೀನಿಯಾದೊಳಗಿದೆ. ಸರ್ಕಾರಿ ಕಟ್ಟಡಗಳೆಲ್ಲ ಮೇರಿಲ್ಯಾಂಡ್ ಕಡೆಯ ದಡದಲ್ಲೇ ಏಳಬೇಕು ಎಂದು 1791ರಲ್ಲೇ ಕಾನೂನಾಗಿತ್ತು. ವರ್ಜೀನಿಯಾ ಕಡೆಯ ಅಲೆಕ್ಸಾಂಡ್ರಿಯಾ ಊರಿಗೆ ಕಟ್ಟಡವೂ ಬರಲಿಲ್ಲ, ಸಂಸತ್ತಿನಲ್ಲಿ ಓಟೂ ಉಳಿಯಲಿಲ್ಲ. ಅದಕ್ಕಿಂತ ಕೆಟ್ಟ ಕಾರಣವೂ ಒಂದಿತ್ತು. ಅಲೆಕ್ಸಾಂಡ್ರಿಯಾ ಗುಲಾಮರ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು, ರಾಜಧಾನಿಯಲ್ಲಿ ಸಂಸತ್ತು ಅದನ್ನು ನಿಷೇಧಿಸಬಹುದೆಂಬ ಭಯ ವ್ಯಾಪಾರಿಗಳಿಗಿತ್ತು. 1846ರಲ್ಲಿ ಸಂಸತ್ತು ಒಪ್ಪಿತು, ಅಲ್ಲಿನವರು 763ಕ್ಕೆ 222 ಮತದಿಂದ ವರ್ಜೀನಿಯಾಕ್ಕೆ ಮರಳುವ ತೀರ್ಮಾನ ಮಾಡಿದರು. ಅಲ್ಲಿದ್ದ ಕಪ್ಪು ಜನರಿಗೆ ಆ ಮತದಾನದಲ್ಲಿ ಹಕ್ಕೇ ಇರಲಿಲ್ಲ. ನಾಲ್ಕೇ ವರ್ಷಕ್ಕೆ, 1850ರಲ್ಲಿ, ಉಳಿದ ಡಿ.ಸಿ.ಯಲ್ಲಿ ಗುಲಾಮರ ವ್ಯಾಪಾರ ನಿಷೇಧವಾಯಿತು. ನೂರು ಚದರ ಮೈಲಿ ಇದ್ದದ್ದು ಹೀಗೆ ಸುಮಾರು 68ಕ್ಕೆ ಇಳಿಯಿತು.

1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಬೇರೆಯಾದಾಗ ಜನರಿಗೆ ಜಿಲ್ಲಾ ಕಚೇರಿ ಬದಲಾಯಿತು, ಓಟಿನ ಬೆಲೆ ಬದಲಾಗಲಿಲ್ಲ. ಡಿ.ಸಿ. ಗಡಿಯ ಒಳಗಿದ್ದವರ ಕಥೆ ಬೇರೆ. 2020ರ ಜನಗಣತಿಯಲ್ಲಿ ಅಲ್ಲಿ 6.89 ಲಕ್ಷ ಜನ, ವಯೋಮಿಂಗ್ ಮತ್ತು ವರ್ಮಾಂಟ್ ರಾಜ್ಯಗಳಿಗಿಂತ ಹೆಚ್ಚು. ಆ ರಾಜ್ಯಗಳಿಗೆ ತಲಾ ಇಬ್ಬರು ಸೆನೆಟರ್, ಡಿ.ಸಿ.ಗೆ ಮತ ಹಾಕುವ ಒಬ್ಬರೂ ಇಲ್ಲ. ಕೆಳಮನೆಯಲ್ಲಿ ಕೂರುವ ಪ್ರತಿನಿಧಿ ಮಾತಾಡಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಓಟು ಹಾಕುವಂತಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಪಾಲು ಸಿಕ್ಕಿದ್ದೂ 1961ರ 23ನೇ ತಿದ್ದುಪಡಿಯಿಂದ. ಕೇಂದ್ರದ ತೆರಿಗೆ ಮಾತ್ರ ಎಲ್ಲರಂತೆ ಕಟ್ಟಬೇಕು. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಈ ದೂರು ಅಚ್ಚಾಗಿದೆ.

ಅದಕ್ಕೇ ಗಡಿಯನ್ನು ಮತ್ತೆ ಎಳೆಯಬೇಕೆಂಬ ಒತ್ತಾಯ. ಶ್ವೇತಭವನ, ಸಂಸತ್ತು, ಸುಪ್ರೀಂ ಕೋರ್ಟ್ ಇರುವ ತುಣುಕನ್ನಷ್ಟೇ ರಾಜಧಾನಿಯಾಗಿ ಉಳಿಸಿ, ಮಿಕ್ಕಿದ್ದನ್ನು 51ನೇ ರಾಜ್ಯ ಮಾಡುವ ಮಸೂದೆಗೆ ಕೆಳಮನೆ 2020ರಲ್ಲೂ 2021ರಲ್ಲೂ ಒಪ್ಪಿಗೆ ಕೊಟ್ಟಿತು, ಸೆನೆಟ್ ದಾಟಲಿಲ್ಲ. ಮಿಕ್ಕಿದ್ದನ್ನು ಮೇರಿಲ್ಯಾಂಡಿಗೇ ಮರಳಿಸಿ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ರಾಜ್ಯವಾಗುವುದೇ ನ್ಯಾಯ. ಅದು ಬೇರೆಯವರ ಜಗಳ ಎಂದು ನಮ್ಮವರು ಪಕ್ಕಕ್ಕೆ ಸರಿದು ನಿಲ್ಲಬಾರದು. ಅಲ್ಲೇ ಹುಟ್ಟಿ ಬೆಳೆಯುವ ನಿಮ್ಮ ಮಕ್ಕಳ ಓಟಿನ ಮಾತಿದು.

ಆದರೆ ಉತ್ಸಾಹದಲ್ಲಿ ಒಂದು ಎಚ್ಚರ ತಪ್ಪಬೇಡಿ. ಲೈಸೆನ್ಸ್ ಮಾಡಿಸಲು ಹೋದಾಗ, ಮತದಾರರ ಪಟ್ಟಿಗೂ ಹೆಸರು ಸೇರಿಸಲೇ ಎಂದು ಕೌಂಟರ್‌ನಲ್ಲಿಯೋ ಫಾರಂನಲ್ಲಿಯೋ ಕೇಳುತ್ತಾರೆ. ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ಬೇಡ ಎನ್ನಿ. ಪೌರರಲ್ಲದೆ ‘ನಾನು ಪೌರ’ ಎಂಬ ಸಾಲಿಗೆ ಟಿಕ್ ಹಾಕಿದರೆ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು. ಸಹಿ ಹಾಕುವ ಮುಂಚೆ ಫಾರಂ ಪೂರ್ತಿ ಓದಿ.